ನೀಲತ್ತಿಯ ನಾಲ್ಕು ಬಟ್ಟಲು

ಡೀಸೆಲ್ಲಿನ ವಾಸನೆ ಎಲ್ಲರಿಗೂ ಆಗಿಬರುವುದಿಲ್ಲ. ಕೆಲವರಿಗೆ ಹೊಟ್ಟೆ ತೊಳಸುತ್ತದೆ, ಕೆಲವರಿಗೆ ತಲೆ ಹಿಡಿಯುತ್ತದೆ. ನನಗೆ ನಾಚಿಕೆಯಾಗುತ್ತದೆ. ನಗಬ್ಯಾಡ್ರಿ, ಖರೇನೇ ಹೇಳುತ್ತಿದ್ದೇನೆ. ಮೊನ್ನೆ ಹಾವೇರಿಯಲ್ಲಿ ನಮ್ಮ ಹಳೆಯ ಕಾರನ್ನು ಗ್ಯಾರೇಜಿಗೆ ಒಯ್ದಿದ್ದೆ. ಒಂದು ವಾರದಿಂದ ಅದು ಮುಂಜಾನೆ ಸ್ಟಾರ್ಟ್ ಆಗಲು ಸತಾಯಿಸುತ್ತಿತ್ತು. ಆದ ಮೇಲೂ ಕುಂಟುತ್ತ ಕುಂಟುತ್ತ ಓಡಿ ಹಿಂದೆ ಕರಿ ಹೊಗೆ ಬಿಡುತ್ತಿತ್ತು. ಮೆಕ್ಯಾನಿಕ್ ಬಾನೆಟ್ ಎತ್ತುವ ಮೊದಲೇ ಸ್ಟೀರಿಂಗಿನ ಕೆಳಗೆ ಒಂದು ವಾಯರು ಚುಚ್ಚಿ, ಕೈಯಲ್ಲಿದ್ದ ಪಾಟಿಯಂಥ ಯಂತ್ರ ನೋಡಿ, "ಮೂರನೇ ಇಂಜೆಕ್ಟರ್ ಹೋಗೇತ್ರಿ ಮೇಡಂ" ಅಂದ. ಯಾವುದೋ ಒಂದು ಹೋಗಿದೆ ಅಂತ ನನಗೆ ಮನೆಯಲ್ಲೇ ಗೊತ್ತಾಗಿತ್ತು. ಒಂದು ಸಿಲಿಂಡರು ಕೆಲಸ ಬಿಟ್ಟ ಇಂಜಿನ್ನಿನ ಸದ್ದನ್ನು ನಾನು ತಾಟಿನ ಮುಂದೆ ಕೂತು ಊಟ ಮಾಡುತ್ತಲೇ ಕಲಿತವಳು. ಆತ ಇಂಜೆಕ್ಟರ್ ಕಿತ್ತು, ನಾನು ಕೂತಿದ್ದ ಬೆಂಚಿನ ತುದಿಗೆ ಒಂದು ಪೇಪರ್ ಹಾಸಿ ಅದರ ಮೇಲಿಟ್ಟು ಹೋದ. ಅಷ್ಟರಲ್ಲಿ ಬ್ಯಾಡಗಿ ಕಡೆಗೆ ಹೊರಟ ಮೆಣಸಿನಕಾಯಿ ಚೀಲದ ಲಾರಿಯೊಂದು ಎದುರಿಗೆ ಬಂದು ನಿಂತಿತು. ಡೀಸೆಲ್ಲಿನ ವಾಸನೆಯೂ ಮೆಣಸಿನಕಾಯಿಯ ಘಾಟೂ ಕೂಡಿ ಮೂಗಿಗೆ ಬಡಿದವು. ಮೂವತ್ತು ವರ್ಷದ ಹಿಂದಿನ ಒಂದು ಮುಂಜಾನೆ ನನ್ನ ಪಕ್ಕದಲ್ಲೇ ಬಂದು ಕೂತಂತಾಯಿತು.

ನಮ್ಮ ಮನೆ ಬ್ಯಾಡಗಿಯಲ್ಲಿ, ಮೆಣಸಿನಕಾಯಿ ಮಾರುಕಟ್ಟೆಗೆ ಹೋಗುವ ರಸ್ತೆಯ ಹಿಂದಿನ ಓಣಿಯಲ್ಲಿತ್ತು. ಇತ್ತು ಅಂತಲೇ ಬರೆಯಬೇಕು, ಈಗ ಅಲ್ಲಿ ಒಂದು ಗೋದಾಮಿದೆ. ಮೂಲದಲ್ಲಿ ನಾವು ಕುಪ್ಪೇಲೂರಿನ ಕಮ್ಮಾರರು. ಅಜ್ಜ ನೇಗಿಲ ಕುಡ, ಕುಡಗೋಲು ಬಡಿಯುತ್ತಿದ್ದ. ಅಪ್ಪ ಬ್ಯಾಡಗಿಗೆ ಬಂದು ಡೀಸೆಲ್ ಗಾಡಿಗಳ ನಾಜಲ್ ರಿಪೇರಿಯ ಅಂಗಡಿ ಹಾಕಿದ. ಇಂಜೆಕ್ಟರ್ ಅನ್ನುವ ದೊಡ್ಡ ಮಾತು ನಾನು ಕೇಳಿದ್ದು ಕಾಲೇಜಿಗೆ ಹೋದ ಮೇಲೆ. ನಮ್ಮಲ್ಲಿ ಅದು ಬರೀ ನಾಜಲ್ಲು. ಇಂಜಿನ್ನಿನ ಒಂದೊಂದು ಸಿಲಿಂಡರಿಗೆ ಒಂದೊಂದು ಇರುತ್ತದೆ, ಡೀಸೆಲ್ಲನ್ನು ಮಂಜಿನ ಹಾಗೆ ಒಳಗೆ ಊದುವುದು ಅದರ ಕೆಲಸ. ಅದರ ತುದಿಯಲ್ಲಿ ಪೆನ್ಸಿಲ್ ತುಂಡಿನಂಥ ಒಂದು ಉಕ್ಕಿನ ಸೂಜಿ, ಅದು ಕೂರಲು ಒಂದು ಉಕ್ಕಿನ ಕೊಳವೆ. ಆ ಕೊಳವೆಗೆ ನಮ್ಮ ಮನೆಯವರು ಸೂಜಿಯ 'ಮನಿ' ಅನ್ನುತ್ತಿದ್ದರು. ಸೂಜಿಗೂ ಮನೆಗೂ ನಡುವೆ ಒಂದು ಕೂದಲು ಸಹ ತೂರದು. ಒಂದು ಕಣ ಧೂಳು ಸಿಕ್ಕರೂ ಮುಗಿಯಿತು, ಸೂಜಿ ಅಲ್ಲಾಡದ ಹಾಗೆ ಹಿಡಿದುಬಿಡುತ್ತದೆ. ನಮ್ಮೂರಿನ ಧೂಳು ಎಂಥದ್ದು ಅಂತ ಸುಗ್ಗಿಯಲ್ಲಿ ಬ್ಯಾಡಗಿಗೆ ಬಂದವರಿಗೆ ಹೇಳಬೇಕಾಗಿಲ್ಲ. ಸಂಕ್ರಾಂತಿ ದಾಟಿತೆಂದರೆ ಇಡೀ ಊರು ಕೆಂಪಾಗುತ್ತಿತ್ತು, ಕುಡಿಯುವ ನೀರಿನ ಕೊಡದ ಬಾಯಿಗೂ ಕೆಂಪು ಪುಡಿ ಕೂರುತ್ತಿತ್ತು. ಅದಕ್ಕೇ ನಮ್ಮಲ್ಲಿ ನಾಜಲ್ಲುಗಳನ್ನು ಅಂಗಡಿಯಲ್ಲಿ ಬಿಚ್ಚುತ್ತಿರಲಿಲ್ಲ. ಅಂಗಡಿ, ಪಡಸಾಲೆ, ಅಡುಗೆಮನೆ ದಾಟಿದರೆ ಕಿಟಕಿಯೇ ಇಲ್ಲದ ಒಂದು ದೇವರಮನೆ. ಅದರ ಬಾಗಿಲಿಗೆ ಒದ್ದೆ ಸೀರೆ ಇಳಿಬಿಟ್ಟು, ದೇವರ ಮುಂದೆ ಕೂತು, ಡೀಸೆಲ್ಲಿನಲ್ಲಿ ನಾಜಲ್ ತೊಳೆಯುತ್ತಿದ್ದರು. ಊದಿನಕಡ್ಡಿಯ ವಾಸನೆಯೂ ಡೀಸೆಲ್ಲಿನ ವಾಸನೆಯೂ ಬೇರೆ ಬೇರೆ ಅಂತ ನನಗೆ ಶಾಲೆಗೆ ಹೋಗುವವರೆಗೆ ಗೊತ್ತೇ ಇರಲಿಲ್ಲ.

ತೊಳೆಯುವವಳು ನೀಲತ್ತಿ, ಅಪ್ಪನ ಅಕ್ಕ. ಮದುವೆಯಾಗಿ ಎರಡು ವರ್ಷಕ್ಕೆ ಗಂಡ ಮತ್ತೊಬ್ಬಳನ್ನು ಕಟ್ಟಿಕೊಂಡ. ಅತ್ತಿ ಜಗಳ ಆಡಲಿಲ್ಲ, ಅಳಲಿಲ್ಲವಂತೆ. ಮದುವೆಗೆ ಉಡುಗೊರೆ ಬಂದ ಪಾತ್ರೆಗಳಲ್ಲಿ ನಾಲ್ಕು ಸ್ಟೀಲಿನ ಬಟ್ಟಲು ಮಾತ್ರ ಸೆರಗಿನಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿ ಬಂದುಬಿಟ್ಟಳು. ಬಟ್ಟಲುಗಳ ಅಂಚಿನಲ್ಲಿ ಕೊಟ್ಟವರ ಹೆಸರು ಚುಕ್ಕಿ ಚುಕ್ಕಿಯಾಗಿ ಕೊರೆದಿತ್ತು: ಒಂದು ಕುಪ್ಪೇಲೂರಿನ ದೊಡ್ಡಪ್ಪನದು, ಒಂದು ಗೆಳತಿ ಶಾರದಾಳದು, ಒಂದು ಸೋದರಮಾವನದು, ಒಂದು ಓಣಿಯವರೆಲ್ಲ ಕೂಡಿ ಕೊಟ್ಟದ್ದು. ನಾಲ್ಕು ಸಿಲಿಂಡರಿಗೆ ನಾಲ್ಕು ಬಟ್ಟಲು. ಮೊದಲನೆಯದರ ಸೂಜಿ-ಮನೆ ದೊಡ್ಡಪ್ಪನ ಬಟ್ಟಲಿಗೆ, ಎರಡನೆಯದು ಶಾರದಾಗೆ, ಮೂರನೆಯದು ಸೋದರಮಾವನಿಗೆ, ನಾಲ್ಕನೆಯದು ಓಣಿಯವರಿಗೆ. ಯಾಕೆಂದರೆ ಒಂದರ ಸೂಜಿ ಇನ್ನೊಂದಕ್ಕೆ ಆಗುವುದಿಲ್ಲ. ಹುಟ್ಟುವಾಗಲೇ ಜೋಡಿಯಾಗಿ ತೇಯ್ದಿರುತ್ತಾರೆ. "ಸೂಜಿಗೆ ತನ್ನ ಮನಿ ಗೊತ್ತಿರ್ತದ ಸುಮಿ. ಬ್ಯಾರೇದರಾಗ ಹಾಕಿದ್ರ ಹೋಗೂದಿಲ್ಲ, ಹೋದ್ರೂ ಬಾಳೂದಿಲ್ಲ" ಅನ್ನುತ್ತಿದ್ದಳು ಅತ್ತಿ. ಬಟ್ಟೆಯಲ್ಲಿ ಒರೆಸಿದರೆ ನೂಲು ಹಿಡಿಯುತ್ತದೆಂದು ಬರೀ ಬೆರಳಲ್ಲೇ ಉಜ್ಜುವಳು, ಹತ್ತಿದ ಕರಿಯನ್ನು ಬೇವಿನ ಕಡ್ಡಿಯಿಂದ ಕೆರೆಯುವಳು. ತೊಳೆದ ಸೂಜಿಯನ್ನು ಅರ್ಧ ಹೊರಗೆಳೆದು ಓರೆಯಾಗಿ ಹಿಡಿದರೆ ಅದು ತಾನೇ ತಾನಾಗಿ ಮೆಲ್ಲಗೆ ಒಳಗೆ ಜಾರಬೇಕು. ಹಾಗೆ ಜಾರುವಾಗ ಅದನ್ನು ಕಿವಿಯ ಹತ್ತಿರ ಹಿಡಿದು ಕಣ್ಣು ಮುಚ್ಚುತ್ತಿದ್ದಳು. ಆಗ ಅವಳ ಮುಖದ ಮೇಲೆ ಬರುತ್ತಿದ್ದ ಸಮಾಧಾನವನ್ನು ನಾನು ಇನ್ಯಾವ ಹೊತ್ತಿನಲ್ಲೂ ಕಂಡಿಲ್ಲ.

ಗಾಡಿ ಬಂದಾಗ ಅಪ್ಪ ಇಂಜಿನ್ ಚಾಲೂ ಇಟ್ಟು ಒಂದೊಂದೇ ನಾಜಲ್ಲಿನ ಪೈಪಿನ ನಟ್ಟು ಸಡಿಲಿಸುತ್ತಿದ್ದ. ಸಡಿಲಿಸಿದ ಕೂಡಲೇ ಇಂಜಿನ್ನಿನ ಸದ್ದು ಕುಗ್ಗಿದರೆ ಆ ನಾಜಲ್ಲು ದುಡಿಯುತ್ತಿದೆ ಅಂತ ಲೆಕ್ಕ. ಸಡಿಲಿಸಿದರೂ ಸದ್ದಿನಲ್ಲಿ ಏನೂ ಫರಕು ಬೀಳದಿದ್ದರೆ ಅದೇ ಕೆಟ್ಟದ್ದು. ಅಪ್ಪ ಹೇಳುವ ಮೊದಲೇ ಒಳಗಿಂದ, ರೊಟ್ಟಿ ಬಡಿಯುತ್ತಲೇ, "ಎರಡನೇದು ನೋಡಪಾ" ಅಂತ ಅತ್ತಿಯ ದನಿ ಬರುತ್ತಿತ್ತು. ಲಾರಿ ಡ್ರೈವರುಗಳು ಅಂಗಡಿಯ ಮುಂದೆ ನಿಂತು "ನಾಜಲ್ ಅಕ್ಕಾರು ಅದಾರೇನ್ರಿ?" ಅಂತ ಕೇಳುವರು. ಆಕೆ ಊರಿಗೆ ಹೋಗಿದ್ದಾಳೆ ಅಂದರೆ ಎರಡು ದಿನ ಬಿಟ್ಟು ಬರುವರೇ ಹೊರತು ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ಗಂಡ ಬಿಟ್ಟವಳು ಅಂತ ಊರಲ್ಲಿ ಯಾರ ಬಾಯಿಗೂ ಬೀಳದ ಹಾಗೆ ಆ ಹೆಸರು ಅವಳನ್ನು ಕಾದಿತ್ತು. ನಮ್ಮವ್ವ ಬಾಯಿ ಜೋರಿನವಳು, ಆದರೂ ಅತ್ತಿಗೆ ಎಂದೂ ಒಂದು ಮಾತು ಎತ್ತಿ ಆಡಲಿಲ್ಲ. ದುಡಿದು ತಿನ್ನುವವಳಿಗೆ ಯಾರು ಏನಂದಾರು?

ಅದು ಸುಗ್ಗಿಯ ದಿನ, ನನಗೆ ಒಂಬತ್ತು ವರ್ಷ. ಮೆಣಸಿನಕಾಯಿ ದಲಾಲರೊಬ್ಬರ ಬಿಳಿ ಕಾರು ಬಂದಿತ್ತು. ಮರುದಿನ ಅವರ ಮಗನ ಮದುವೆ, ಹೆಣ್ಣಿನವರದು ದಾವಣಗೆರೆ. ಕಾರು ಕರಿ ಹೊಗೆ ಬಿಡುತ್ತದೆ, ಎಳೆಯುವುದಿಲ್ಲ ಅಂತ ತಂದು ನಿಲ್ಲಿಸಿದ್ದರು. ಅಪ್ಪ ನಟ್ಟು ಸಡಿಲಿಸಿ ನೋಡಿ ನಾಲ್ಕೂ ನಾಜಲ್ ಬಿಚ್ಚಿಕೊಟ್ಟ. ಅತ್ತಿ ತೊಳೆದು, ಜಾರಿಸಿ ನೋಡಿ, ನಾಲ್ಕು ಬಟ್ಟಲಲ್ಲಿ ಹೊಸ ಡೀಸೆಲ್ ಹೊಯ್ದು ಜೋಡಿಗಳನ್ನು ಇಟ್ಟಿದ್ದಳು. ಅಷ್ಟರಲ್ಲಿ ಓಣಿಯಲ್ಲಿ "ನಳ ಬಂತು" ಅಂತ ಕೂಗಾಯಿತು. ಎಂಟು ದಿನಕ್ಕೊಮ್ಮೆ ನೀರು ಬರುವ ಊರಲ್ಲಿ ಆ ಕೂಗು ಕೇಳಿ ಕೂತಲ್ಲೇ ಕೂತ ಹೆಂಗಸನ್ನು ನಾನು ಕಂಡಿಲ್ಲ. ಅವ್ವ ಕೊಡ ಎತ್ತಿಕೊಂಡು ಓಡಿದಳು. ಅತ್ತಿಯೂ ಎದ್ದು, "ಸುಮಿ, ಇಲ್ಲೇ ಕುಂದ್ರು. ಯಾರನ್ನೂ ಒಳಗ ಬಿಡಬ್ಯಾಡ, ನೀನೂ ಮುಟ್ಟಬ್ಯಾಡ" ಅಂದು ಹೋದಳು. ಮುಟ್ಟಬೇಡ ಅಂದದ್ದನ್ನು ಮುಟ್ಟದಿರುವಷ್ಟು ಒಳ್ಳೆಯ ಕೂಸು ನಾನಲ್ಲ. ನನಗೂ ಆ ಸೂಜಿ ಜಾರುವ ಸದ್ದು ಕೇಳಬೇಕಿತ್ತು. ಶಾರದಾ ಬಟ್ಟಲಿನ ಸೂಜಿ ತೆಗೆದು ಓರೆ ಹಿಡಿದೆ, ಜಾರಿತು. ಸೋದರಮಾವನದನ್ನೂ ತೆಗೆದೆ. ಎರಡರ ಸದ್ದಿನಲ್ಲಿ ಏನು ಫರಕು ಅಂತ ಎರಡೂ ಸೂಜಿಗಳನ್ನು ಒಂದೇ ಅಂಗೈಯಲ್ಲಿ ಹಿಡಿದಿದ್ದಾಗ, ಒದ್ದೆ ಸೀರೆಯ ಸಂದಿನಿಂದ ಘಾಟು ಬಂತೋ ಏನೋ, ಮೇಲಿಂದ ಮೇಲೆ ಸೀನು. ಕಣ್ಣು ತೆರೆದಾಗ ಸೂಜಿಗಳೆರಡೂ ನನ್ನ ಲಂಗದ ಮಡಿಲಲ್ಲಿ ಬಿದ್ದಿದ್ದವು. ಯಾವುದು ಯಾವುದೋ, ದೇವರಿಗೇ ಗೊತ್ತು. ಡೀಸೆಲ್ಲಿನಲ್ಲಿ ಅದ್ದಿ ತೊಳೆದು, ಒಂದನ್ನು ಇದಕ್ಕೆ ಒಂದನ್ನು ಅದಕ್ಕೆ ಹಾಕಿದೆ. ಎರಡೂ ಸುಮ್ಮನೆ ಒಳಗೆ ಹೋದವು. ಸರಿಯಾಗಿಯೇ ಇದ್ದಾವು ಅಂತ ನನಗೆ ನಾನೇ ಹೇಳಿಕೊಂಡೆ. ಅತ್ತಿ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದಾಗ ನಾನು ದೇವರ ಫೋಟೋ ನೋಡುತ್ತ ಕೂತಿದ್ದೆ.

ಅಪ್ಪ ಅವನ್ನು ಜೋಡಿಸಿ, ಕೈಪಂಪಿಗೆ ಹಾಕಿ ಒತ್ತಿ ನೋಡಿದ. ನಾಲ್ಕೂ ಚೆನ್ನಾಗಿಯೇ ಊದಿದವು. ತಣ್ಣಗಿರುವಾಗ ಎಲ್ಲ ಸರಿ ಇರುತ್ತದೆ. ಇಂಜಿನ್ ಕಾದ ಮೇಲೆ ಉಕ್ಕು ಹಿಗ್ಗುತ್ತದೆ, ಪರರ ಮನೆಯಲ್ಲಿ ಕೂತ ಸೂಜಿ ಆಗ ಹಿಡಿಯುತ್ತದೆ. ಮರುದಿನ ರಾಣೆಬೆನ್ನೂರು ದಾಟುವ ಮೊದಲೇ ಕಾರು ಬಡಿದುಕೊಳ್ಳುತ್ತ, ಹೊಗೆ ಕಾರುತ್ತ ನಿಂತುಬಿಟ್ಟಿತು. ಬಾಸಿಂಗ ಕಟ್ಟಿಕೊಂಡ ವರ ಹೆದ್ದಾರಿಯ ಬಿಸಿಲಲ್ಲಿ ನಿಂತು, ಕಡೆಗೆ ಒಂದು ಟೆಂಪೋ ಹತ್ತಿ ಮದುವೆಗೆ ಹೋದನಂತೆ. ಕಾರನ್ನು ಎಳೆದು ತಂದು ನಮ್ಮ ಅಂಗಡಿಯ ಮುಂದೆ ಬಿಟ್ಟರು. ಅದರ ಜೊತೆಗೆ ದಲಾಲರ ಮಾತೂ ಬಂತು: "ಹೆಣ್ಣಮಕ್ಕಳ ಕೈಯಾಗ ಇಂಜಿನ್ ಕೆಲಸ ಕೊಟ್ರ ಇನ್ನೇನ್ ಆದೀತು?" ಅಪ್ಪ ಹಲ್ಲು ಕಚ್ಚಿಕೊಂಡು ನಾಜಲ್ ಬಿಚ್ಚಿದ. ಮೂರನೆಯ ಸೂಜಿ ಹಿಡಿದಿತ್ತು. ಅದನ್ನು ಬಿಡಿಸಿ, ಏನೋ ಅನುಮಾನ ಬಂದು, ಎರಡನೆಯದಕ್ಕೆ ಹಾಕಿ ನೋಡಿದ. ಮೆಲ್ಲಗೆ ಜಾರಿತು. ದೇವರಮನೆಯ ಬಾಗಿಲಿಗೆ ಬಂದು ನಿಂತ. "ಅಕ್ಕಾ, ಎರಡನೇದೂ ಮೂರನೇದೂ ಅದಲಿ ಬದಲಿ ಆಗ್ಯಾವು" ಅಂದ. ದನಿ ಏರಿಸಲಿಲ್ಲ, ಏರಿಸಿದ್ದರೆ ಎಷ್ಟೋ ಚೆನ್ನಾಗಿತ್ತು.

ಅತ್ತಿ ಬಟ್ಟಲುಗಳನ್ನು ತನ್ನ ಮುಂದೆ ಎಳೆದುಕೊಂಡಳು. "ನಾ ಬರೋಬ್ಬರಿ ಇಟ್ಟಿದ್ದೆನಲ್ಲಪಾ" ಅಂದಳು. ಒಂದೊಂದರ ಅಂಚಿನ ಹೆಸರ ಮೇಲೂ ಬೆರಳಾಡಿಸಿದಳು. ಆಮೇಲೆ ಅಪ್ಪನ ಬೆನ್ನ ಹಿಂದೆ ನಿಂತಿದ್ದ ನನ್ನನ್ನು ನೋಡಿ, ಸಿಟ್ಟಿಲ್ಲದೆ, ಬರೀ ತಿಳಿದುಕೊಳ್ಳುವುದಕ್ಕೆ, "ಸುಮಿ, ನಾ ನೀರಿಗೆ ಹೋದಾಗ ನೀ ಏನರ ಮುಟ್ಟಿದ್ಯಾ ಮಗಾ?" ಅಂತ ಕೇಳಿದಳು. ಆಗ ಅಪ್ಪ ಹೊಡೆಯುತ್ತಿದ್ದನೇ? ಇಲ್ಲ, ಅಪ್ಪ ನನಗೆ ಜನ್ಮದಲ್ಲಿ ಕೈ ಎತ್ತಿದವನಲ್ಲ. ಬೈಯುತ್ತಿದ್ದ, ಅಷ್ಟೆ. ಅಷ್ಟಕ್ಕೇ ಹೆದರಿ ನಾನು "ಇಲ್ಲತ್ತಿ" ಅಂದೆ. ಅತ್ತಿ ತಲೆಯಾಡಿಸಿದಳು. "ಕೂಸು ಸುಳ್ಳು ಹೇಳೂದಿಲ್ಲ. ನನ್ನ ಕಣ್ಣ ಹೋಗ್ಯಾವ ಕಾಣಸ್ತದ" ಅಂದಳು. ನಾನು ಅಲ್ಲೇ ನಿಂತಿದ್ದೆ, ಬಾಯಲ್ಲಿ ಬೆಲ್ಲ ಇಟ್ಟುಕೊಂಡವರ ಹಾಗೆ.

ಅಪ್ಪ ಅವಳನ್ನು ರಾಣೆಬೆನ್ನೂರಿಗೆ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದ. ವಯಸ್ಸಿಗೆ ತಕ್ಕಂತೆ ಇವೆ ಅಂತ ಅವರು ಓದುವ ಚಸ್ಮಾ ಬರೆದುಕೊಟ್ಟರು. ನಲವತ್ತೈದು ದಾಟಿದ ಯಾರಿಗೆ ತಾನೇ ಬರೆಯುವುದಿಲ್ಲ? ಆದರೆ ನಮ್ಮ ಮನೆಯಲ್ಲಿ ಆ ಚಸ್ಮಾ ಸಾಕ್ಷಿ ಹೇಳಿದ ಹಾಗಾಯಿತು. ಅಪ್ಪ ಅಂಗಡಿಯಲ್ಲೇ ಒಂದು ಗಾಜಿನ ಪೆಟ್ಟಿಗೆ ಮಾಡಿಸಿ ನಾಜಲ್ ತೊಳೆಯುವ ಕೆಲಸ ತಾನೇ ಹಿಡಿದ. ಅತ್ತಿ ಬಟ್ಟಲುಗಳನ್ನು ಬೂದಿ ಹಾಕಿ ತಿಕ್ಕಿ ಅಡುಗೆಮನೆಗೆ ತಂದಿಟ್ಟಳು, ಆದರೆ ಡೀಸೆಲ್ ವಾಸನೆ ಹೋಗದ್ದಕ್ಕೆ ಯಾರೂ ಅವುಗಳಲ್ಲಿ ಉಣ್ಣಲಿಲ್ಲ. ಕೆಲವು ದಿನ ಹಿತ್ತಲಲ್ಲಿ ಗುಬ್ಬಿಗಳಿಗೆ ನೀರಿಡಲು ಬಳಸಿದಳು. ಡ್ರೈವರುಗಳು "ನಾಜಲ್ ಅಕ್ಕಾರು?" ಅಂತ ಕೇಳಿದರೆ ಅಪ್ಪ "ಆಕಿಗೆ ಕಣ್ಣ ಕಾಣೂದಿಲ್ರಿ ಈಗ" ಅನ್ನುತ್ತಿದ್ದ. ಹಾಗೆ ಅಂದು ಅಂದು ಅದೇ ಖರೆಯಾಯಿತು. ಒಳಗಿಂದ "ಎರಡನೇದು ನೋಡಪಾ" ಅನ್ನುವ ದನಿಯೂ ನಿಂತಿತು. ಕಿವಿಗೆ ಏನೂ ಆಗಿರಲಿಲ್ಲ, ಆದರೂ ನಿಂತಿತು. ಅಕ್ಕಿ ಆರಿಸಿದ ಮೇಲೆ ಮೊರವನ್ನು ನನ್ನ ಮುಂದಿಟ್ಟು "ಇನ್ನೊಮ್ಮೆ ನೋಡವ್ವಾ, ಹಳ್ಳು ಉಳಿದಿದ್ದಾವು" ಅನ್ನುವಳು. ಅವಳು ಆರಿಸಿದ ಅಕ್ಕಿಯಲ್ಲಿ ನನಗೆ ಎಂದೂ ಒಂದು ಕಲ್ಲು ಸಿಕ್ಕಿಲ್ಲ. ಕೌದಿ ಹೊಲಿಯುವಾಗ ಸೂಜಿಗೆ ದಾರ ಪೋಣಿಸಲು ನನ್ನನ್ನೇ ಕರೆಯುವಳು. "ನಿನ್ನ ಕಣ್ಣ ಭಾಳ ಚಲೋ ಅದಾವ" ಅನ್ನುವಳು. ನಾನು ಪೋಣಿಸಿ ಕೊಡುತ್ತಿದ್ದೆ. ವರ್ಷಗಟ್ಟಲೆ ಪೋಣಿಸಿ ಕೊಟ್ಟೆ. ನಾಳೆ ಹೇಳಿದರಾಯಿತು ಅಂದುಕೊಳ್ಳುತ್ತಿದ್ದೆ. ಸುಳ್ಳು ಹಳೆಯದಾದಷ್ಟೂ ಬಿಚ್ಚುವುದು ಕಷ್ಟ, ತುಕ್ಕು ಹಿಡಿದ ನಟ್ಟಿನ ಹಾಗೆ.

ಕಂಪ್ಯೂಟರಿನ ಕಾರುಗಳು ಬಂದವು, ನಾಜಲ್ ತೊಳೆಯುವ ಕಾಲ ಹೋಯಿತು. ಅಪ್ಪ ಅಂಗಡಿ ಮುಚ್ಚಿ, ಮನೆ ಮಾರಿ, ರಾಣೆಬೆನ್ನೂರಿನಲ್ಲಿ ಒಂದು ಸಣ್ಣ ಮನೆ ಮಾಡಿದ. ಅವ್ವ, ಅತ್ತಿ ಇಬ್ಬರೂ ಅವನ ಜೊತೆಗೇ ಹೋದರು. ನಾನು ಓದಿ, ಹಾವೇರಿಯಲ್ಲಿ ಶಾಲೆಯ ಟೀಚರಾದೆ, ಅಲ್ಲೇ ಸಂಸಾರ ಹೂಡಿದೆ. ಮಕ್ಕಳ ಮುಖ ನೋಡಿಯೇ ಸುಳ್ಳು ಹಿಡಿಯುವವಳು ಅಂತ ಶಾಲೆಯಲ್ಲಿ ನನಗೊಂದು ಹೆಸರಿದೆ. ಯಾರಾದರೂ ಹಾಗೆ ಹೊಗಳಿದರೆ ನಾನು ಚಾಕ್‌ಪೀಸು ಹುಡುಕುವ ನೆಪದಲ್ಲಿ ತಲೆ ಬಗ್ಗಿಸುತ್ತೇನೆ.

ಕಡೆಗೂ ಹೇಳಿದೆ. ಹೋದ ವರ್ಷದ ಹಿಂದಿನ ವರ್ಷ, ರಾಣೆಬೆನ್ನೂರಿನ ಮನೆಯ ಕಟ್ಟೆಯ ಮೇಲೆ, ಸಂಜೆ ನಾಲ್ಕರ ಸುಮಾರಿಗೆ. ಅತ್ತಿಗೆ ಎಪ್ಪತ್ತು ದಾಟಿತ್ತು, ಮೆಂತ್ಯ ಪಲ್ಯ ಸೋಸುತ್ತ ಕೂತಿದ್ದಳು. ಅಪ್ಪ ಆಚೆ ಕುರ್ಚಿಯಲ್ಲಿದ್ದ. "ಅತ್ತಿ, ದಲಾಲರ ಬಿಳಿ ಕಾರಿನ ಸೂಜಿ ಅದಲಿ ಬದಲಿ ಮಾಡಿದಾಕಿ ನಾನು. ನೀ ನಳದ ನೀರಿಗೆ ಹೋದಾಗ ಮುಟ್ಟಿದ್ದೆ. ನಿನ್ನ ಕಣ್ಣ ಚಲೋನ ಇದ್ವು" ಅಂದೆ. ಇಷ್ಟು ವರ್ಷ ನುಂಗಿಕೊಂಡಿದ್ದು ಇಷ್ಟೇ ಮಾತು. ಅತ್ತಿಯ ಕೈ ಒಂದು ಗಳಿಗೆ ನಿಂತಿತು. ಆಮೇಲೆ ನಕ್ಕಳು.

"ಹುಚ್ಚಿ. ಮುದುಕಿ ಮನಸ್ಸಿನ್ಯಾಗ ಹಚ್ಚಿಕೊಂಡಾಳಂತ ಹೇಳಾಕತ್ತೀದಿ, ನನಗ ತಿಳಿಯೂದಿಲ್ಲೇನ? ನಾ ಆವತ್ತ ನಿನ್ನ ಕೇಳಿದ್ದೆ, ನೀ ಇಲ್ಲ ಅಂದಿದ್ದಿ. ಕೂಸಿದ್ದಾಗ ಸುಳ್ಳ ಹೇಳಲಾರದಾಕಿ, ಈಗ್ಯಾಕ ಹೇಳ್ತಿ?"

ಅಲ್ಲತ್ತಿ, ಖರೇನ, ನನಗೆ ಸೀನು ಬಂದಿತ್ತು, ಲಂಗದಾಗ ಬಿದ್ದಿದ್ವು ಅಂತ ಎಷ್ಟೋ ಹೇಳಿದೆ. ಅವಳು ಮೆಂತ್ಯದ ವಾಸನೆಯ ಕೈಯಿಂದ ನನ್ನ ಗದ್ದ ಹಿಡಿದು, "ಎಷ್ಟ ಚಲೋ ಮನಸ್ಸವ್ವಾ ನಿಂದು. ನನ್ನ ಸಲುವಾಗಿ ತಪ್ಪನ್ನ ನಿನ್ನ ತಲಿ ಮ್ಯಾಲ ಹಾಕ್ಕೊಳ್ಳಾಕ ಬಂದೀದಿ. ದೇವರು ನಿನ್ನ ತಣ್ಣಗ ಇಡಲಿ" ಅಂದಳು. ಆಚೆ ಕುರ್ಚಿಯಿಂದ ಅಪ್ಪ ನನ್ನನ್ನೇ ನೋಡುತ್ತಿದ್ದ. ಅವನು ನಂಬಿದ. ನಾಜಲ್ ಕೆಲಸದವನಿಗೆ ಅಷ್ಟು ತಿಳಿಯದೇ? ಎದ್ದು ಬಂದ. ಅಕ್ಕನ ಮೂಗಿನ ಮೇಲಿನ ಚಸ್ಮಾ ತೆಗೆದು, ತನ್ನ ಧೋತರದ ಅಂಚಿನಿಂದ ಎರಡೂ ಗಾಜು ಒರೆಸಿ, ತಿರುಗಿ ಹಾಕಿದ. "ಈಗ ಚಂದ ಕಾಣ್ತದ ನೋಡು" ಅಂದಳು ಅತ್ತಿ. ಅಪ್ಪ ಒಳಗೆ ಹೋದ. ಅವತ್ತಿನಿಂದ ಇವತ್ತಿನವರೆಗೆ ಆ ಮಾತು ಅವನೂ ಎತ್ತಿಲ್ಲ, ನಾನೂ ಎತ್ತಿಲ್ಲ.

ಹೋದ ವರ್ಷ ಅತ್ತಿ ತೀರಿಕೊಂಡಳು. ಮಾತಾಡಿಸಲು ಬಂದ ಹೆಂಗಸರೆಲ್ಲ ನನ್ನ ಕೈ ಹಿಡಿದು, ನಿನ್ನ ಗುಣ ಭಾಳ ಹೊಗಳುತ್ತಿದ್ದಳು ನೀಲವ್ವ, ಅಂದರು. ತನ್ನ ತಪ್ಪನ್ನು ತಮ್ಮನ ಮಗಳು ಮೈಮೇಲೆ ಎಳೆದುಕೊಂಡಿದ್ದಳು ಅಂತ ಮನೆಮನೆಗೆ ಹೇಳಿದ್ದಳಂತೆ. ನಾನು ಹೂಂ ಅಂದೆ. ಹೆಣದ ಮುಂದೆ ನಿಂತೂ ಹೂಂ ಅಂದವಳು ನಾನು. ಹದಿಮೂರನೇ ದಿನ ಕಳೆದ ಮೇಲೆ ಅವ್ವ ಆ ನಾಲ್ಕು ಬಟ್ಟಲನ್ನು ನನಗೆ ಕಟ್ಟಿಕೊಟ್ಟಳು.

ಮೊನ್ನೆ ಗ್ಯಾರೇಜಿನಲ್ಲಿ ಹೊಸ ಇಂಜೆಕ್ಟರ್ ಕೂಡಿಸಿ, ಕಾರು ಸರಿಯಾದ ಮೇಲೆ, ಹಳೆಯದನ್ನು ಕೊಡಿ ಅಂತ ಕೇಳಿದೆ. "ಅದನ್ನೇನ್ ಮಾಡ್ತೀರಿ ಮೇಡಂ? ಈಗಿನ್ವು ತೊಳದ್ರ ಬರೂದಿಲ್ರಿ" ಅಂತ ನಕ್ಕು ಪೇಪರಿನಲ್ಲಿ ಸುತ್ತಿ ಕೊಟ್ಟ. ಮನೆಗೆ ಬಂದು ಬಟ್ಟಲುಗಳನ್ನು ಮೊದಲ ಸಲ ಗಂಟಿನಿಂದ ಹೊರಗೆ ತೆಗೆದೆ. ಮೂರನೇ ಸಿಲಿಂಡರಿನದು ಅಂದರೆ ಸೋದರಮಾವನ ಬಟ್ಟಲಿಗೆ ಹೋಗಬೇಕು. ಚಸ್ಮಾ ಬ್ಯಾಗಿನಲ್ಲಿತ್ತು, ನನಗೂ ಈಗ ಚಸ್ಮಾ ಬಂದಿದೆ. ಎದ್ದು ತರಲು ಬೇಸರವಾಗಿ ಅಂಚಿನ ಮೇಲೆ ಸುಮ್ಮನೆ ಬೆರಳಾಡಿಸಿದೆ. ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರ ಬೆರಳಿಗೆ ಒಂದೊಂದೇ ಹತ್ತಿದವು. ಕಣ್ಣು ಮುಚ್ಚಿ ನೋಡಿದೆ. ದೊಡ್ಡಪ್ಪ, ಶಾರದಾ, ಸೋದರಮಾವ, ಓಣಿಯವರು; ಎಲ್ಲ ತಿಳಿಯುತ್ತವೆ. ಅವಳ ಕಣ್ಣು ಖರೇನೇ ಹೋಗಿದ್ದರೂ, ಕತ್ತಲ ಕೋಣೆಯಲ್ಲಿ ಕೂಡಿಸಿದ್ದರೂ, ಅತ್ತಿ ಆ ಬಟ್ಟಲುಗಳ ಗುರುತು ತಪ್ಪುತ್ತಿರಲಿಲ್ಲ. ಅದು ಅವಳಿಗೆ ಗೊತ್ತಿತ್ತು. ಆವತ್ತು ಅಪ್ಪನ ಮುಂದೆ ಒಂದೊಂದರ ಮೇಲೂ ಬೆರಳಾಡಿಸಿ ನೋಡಿದ್ದಳಲ್ಲ. ಆಮೇಲೆ ನನ್ನನ್ನು ಕೇಳಿದಳು. ನಾನು ಇಲ್ಲ ಅಂದೆ. ತನ್ನ ಬೆರಳನ್ನು ಬಿಟ್ಟು ನನ್ನ ಮಾತನ್ನು ನಂಬಿದಳು.